ಮೇಲು ಯಾವ ಕಡೆ

ನಮಗೆ ಬೇಕಿದ್ದದ್ದು ಒಂದು ವ್ಯಾನು.
ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಮುಟ್ಟಿಸಲಿಕ್ಕೆ,
ಆಗದಿದ್ದರೆ ಅವರನ್ನೇ ಮಂಗಳೂರಿಗೆ ಮುಟ್ಟಿಸಲಿಕ್ಕೆ.
ರಸೀದಿ ಪುಸ್ತಕ ನನ್ನ ಕೈಯಲ್ಲಿತ್ತು,
ಹಾಗಾಗಿ ಕೇಳುವ ನಾಚಿಕೆಯೂ ನನ್ನದೇ.

"ದುಡ್ಡೆಲ್ಲಿಂದ ಮಾರಾಯ" ಅಂದರು ಚನಿಯಪ್ಪಣ್ಣ.
ಬೀಡಿ ಆರಿಸಿ, ಒಳಗೆ ಹೋಗಿ,
ಹದಿನಾಲ್ಕು ಚಿತ್ರ ತಂದು ಅಂಗಳದಲ್ಲಿ ಹರಡಿದರು
ಹಪ್ಪಳ ಒಣಗಲಿಕ್ಕೆ ಹಾಕಿದ ಹಾಗೆ.
"ಕೊಂಡುಹೋಗು. ಮಳೆ ಬರುವ ಮೊದಲು."

ಉಪ್ಪಳದಿಂದ ಕುಂಬಳೆಯವರೆಗೆ
ಒಂದು ಕಾಲಕ್ಕೆ ಅವರು ಬರೆಯದ ಬೋರ್ಡಿರಲಿಲ್ಲ.
ಕನ್ನಡ ಮೇಲೆ ಮಲಯಾಳ ಕೆಳಗೆ,
ಇಲ್ಲವೇ ಮಲಯಾಳ ಮೇಲೆ ಕನ್ನಡ ಕೆಳಗೆ,
ಅಂಗಡಿಯವನ ಧೈರ್ಯ ನೋಡಿಕೊಂಡು.
"ಜಗಳ ಅವರದ್ದು. ನನ್ನದು ಎರಡಕ್ಕೂ ಒಂದೇ ಡಬ್ಬಿ."
ಆಮೇಲೆ ಫ್ಲೆಕ್ಸ್ ಬಂತು.
ಏಣಿ ಕೋಳಿಗೂಡಿನ ಮಾಡಾಯಿತು.

ಶಾಲೆಯ ಹಾಲಿನಲ್ಲಿ ಎರಡು ದಿನ ತೂಗುಹಾಕಿದೆವು.
ಶಿರಿಯ ಹೊಳೆಯ ದೋಣಿ ಮೊದಲ ಗಂಟೆಯಲ್ಲೇ ಹೋಯಿತು.
ಒಣಮೀನಿನ ಬುಟ್ಟಿಯನ್ನು
ಶಾರ್ಜಾದಿಂದ ರಜೆಗೆ ಬಂದವರೊಬ್ಬರು
ಮೂಗು ಮುಚ್ಚಿ ನಗುತ್ತಾ ಕೊಂಡರು.
ಬೀಡಿ ಸುರುಟುವ ಹೆಂಗಸಿನ ಬೆರಳುಗಳಿದ್ದವು,
ಬರೇ ಬೆರಳು, ಮುಖವಿಲ್ಲ.
ಅದನ್ನು ಕಾಗದದಲ್ಲಿ ಸುತ್ತುವಾಗ ಮಾತ್ರ
ಚನಿಯಪ್ಪಣ್ಣ ಎದ್ದು ಹೊರಗೆ ಹೋದರು,
ನಳ್ಳಿಯಲ್ಲಿ ತುಂಬಾ ಹೊತ್ತು ಕೈ ತೊಳೆದರು.

ಒಂದು ಉಳಿಯಿತು.
ಹಸಿರು. ಹಸಿರಿನ ಹಿಂದೆ ಹಸಿರು.
ನಡುನಡುವೆ ತೂತು ಬಿದ್ದ ಆಕಾಶ,
ಮೂರು ಕಾಯಿ, ತೊಟ್ಟು ಎತ್ತಲೋ, ಮೂತಿ ಎತ್ತಲೋ.
ಒಬ್ಬರು ಬಂದು ತಿರುಗಿಸಿ ತೂಗಿದರು,
ಇನ್ನೊಬ್ಬರು ಅದನ್ನು ಸರಿಮಾಡಿದರು,
ಬ್ಯಾಂಕಿನ ಮ್ಯಾನೇಜರು ಕತ್ತು ವಾಲಿಸಿ ವಾಲಿಸಿ
ಕತ್ತುನೋವೆಂದು ಚಾ ಕುಡಿಯಲು ಹೋದರು.
ಐದು ಸಾವಿರ ಎರಡಾಯಿತು, ಎರಡು ಒಂದಾಯಿತು.

"ಅಣ್ಣಾ, ಇದರ ಮೇಲು ಯಾವ ಕಡೆ?"
"ಇಡೀ ಮೇಲೇ ಅಲ್ವಾ ಮಾರಾಯ."

ಬಂದ್ಯೋಡಿನ ತಿರುವಿನಲ್ಲಿದ್ದ ಕಾಟುಮಾವು.
ಏಣಿ ಒರಗಿಸಿ, ಬುತ್ತಿ ಮುಗಿಸಿ,
ಅದರ ಬುಡದಲ್ಲಿ ಅಂಗಾತ ಮಲಗಿದರೆ
ಕಾಣುವುದು ಇಷ್ಟೇ.
ಮೂವತ್ತು ವರ್ಷದ ಮಧ್ಯಾಹ್ನ.

ಚಿತ್ರದ ಬೆನ್ನಿಗೆ ೩೧೮ ಅಂತ ಬರೆದಿತ್ತು.
ನಾನು ಬೆಲೆ ಅಂದುಕೊಂಡಿದ್ದೆ.

ಬೆಲೆ ಅಲ್ಲವಂತೆ.
ರಸ್ತೆ ಆರು ಪಥ ಆಗುವಾಗ
ಕಡಿಯುವ ಮರಗಳಿಗೆಲ್ಲ ನಂಬರು ಬರೆಯಬೇಕಿತ್ತು.
ತೊಗಟೆಯ ಮೇಲೆ ಫ್ಲೆಕ್ಸ್ ನಿಲ್ಲುವುದಿಲ್ಲ,
ಹಾಗೆ ಇವರನ್ನು ಹುಡುಕಿಕೊಂಡು ಬಂದರು.
ಮರಕ್ಕೆ ಹನ್ನೆರಡು ರೂಪಾಯಿ.
"ಅಕ್ಷರ ಚಂದ ಬರೆದೆ" ಅಂದರು.
ಮತ್ತೆ ಆ ಮಾತು ಎತ್ತಲಿಲ್ಲ.

ಸಿಕ್ಕಿದ ದುಡ್ಡಿಗೆ ಹೊಸ ವ್ಯಾನು ಬರಲಿಲ್ಲ.
ಬೇಕರಿಯವರ ಹಳತು ಸಿಕ್ಕಿತು,
ಜಡಿಮಳೆಗೆ ಈಗಲೂ ಬನ್ನಿನ ವಾಸನೆ.
ಉಳಿದ ಚಿತ್ರ ಹಿಂದೆ ಕೊಡಲಿಕ್ಕೆ ನನಗೆ ಮುಖವಿಲ್ಲ.
ಅವರೇ ಒಂದು ಸಂಜೆ ಸ್ಕ್ರೂ, ಡ್ರೈವರು ಹಿಡಿದು ಬಂದರು,
ವ್ಯಾನಿನೊಳಗೆ ಸ್ಟ್ರೆಚರಿನ ಮೇಲೆ ಮಲಗಿ ನೋಡಿದರು,
ಎದ್ದು ಅಳತೆ ಮಾಡಿದರು, ಮತ್ತೆ ಮಲಗಿದರು.
"ಇಲ್ಲಿ," ಅಂದರು, ಮಾಡಿಗೆ ಬೆರಳು ತೋರಿಸಿ.

ಲೆಕ್ಕದ ಪುಸ್ತಕದಲ್ಲಿ
'ವಸ್ತು ರೂಪದ ದೇಣಿಗೆ' ಅಂತ ಒಂದು ಕಾಲಂ ಉಂಟು.
ಎದುರಿಗೆ ಮೌಲ್ಯ ತುಂಬಬೇಕು.
ಆ ಮನೆ ಇನ್ನೂ ಖಾಲಿ.
ಆಡಿಟರು ಎರಡು ಸಲ ಕೇಳಿದ್ದಾರೆ.

ಮೊನ್ನೆ ಆರಿಕ್ಕಾಡಿಯ ಬೀಪಾತುಮ್ಮ.
ಮೂರು ದಿನದಿಂದ ಯಾರೊಡನೆಯೂ ಮಾತಿಲ್ಲ,
ಕಣ್ಣು ಮಾತ್ರ ತೆರೆದಿತ್ತು.
ಶಿರಿಯ ಸೇತುವೆ ದಾಟಿತು,
ಬಂದ್ಯೋಡು ಬಂತು,
ಎರಡೂ ಕಡೆ ಕಾಂಕ್ರೀಟಿನ ಗೋಡೆ, ಬಿಸಿಲು.
ನನ್ನ ಅಂಗಿಯ ತುದಿ ಹಿಡಿದೆಳೆದು ಮೆಲ್ಲಗೆ ಅಂದರು:

"ಆ ಎಡದ್ದು ಹಣ್ಣಾಗಿದೆ.
ಒಮ್ಮೆ ನಿಲ್ಲಿಸಲಿಕ್ಕೆ ಹೇಳು ಮೋನೇ."

ರಝಾಕ್ ಕನ್ನಡಿಯಲ್ಲಿ ನನ್ನನ್ನು ನೋಡಿದ.
ಇಂಡಿಕೇಟರ್ ಹಾಕಿದ.